ಹೊಲಿಗೆ ಮೇಜಿನ ಮೇಲೊಂದು ಬೆಟ್ಟದ ದಾರಿ

ನನ್ನ ಅತ್ತೆ, ಅಂದರೆ ಸೋದರಮಾವನ ಹೆಂಡತಿ, ನಡೆದು ತಲುಪಬಹುದಾದಷ್ಟು ಜಗತ್ತಿನಲ್ಲೇ ಬದುಕಿನ ಬಹುಪಾಲನ್ನು ಕಳೆದವಳು. ಬಸ್ಸು, ಕಾರು, ರೈಲು ಯಾವುದನ್ನು ಹತ್ತಿದರೂ ಅವಳಿಗೆ ತಲೆ ತಿರುಗುತ್ತಿತ್ತು. ಹತ್ತುವುದು ಹಾಗಿರಲಿ, ಉದ್ಯಾನದಲ್ಲಿ ಮಕ್ಕಳು ಉಯ್ಯಾಲೆಯಾಡುವುದನ್ನು ನೋಡುತ್ತ ನಿಂತರೂ ಹೊಟ್ಟೆ ತೊಳಸುತ್ತಿತ್ತು. ಮದುವೆಯ ದಿನ ತವರಿನಿಂದ ಗಂಡನ ಮನೆಗೆ ನಡೆದೇ ಬಂದಳಂತೆ. ಅಲಂಕರಿಸಿದ ಕಾರು ಅವಳ ಹಿಂದೆ ಆಮೆಯ ಹಾಗೆ ತೆವಳುತ್ತ ಬಂತೆಂದೂ, ಅದರೊಳಗೆ ಮದುಮಗ ಒಬ್ಬನೇ ಗಂಭೀರವಾಗಿ ಕುಳಿತಿದ್ದನೆಂದೂ ಅವಳ ಅಕ್ಕ ಹೇಳುತ್ತಿದ್ದಳು. ತಾನೂ ಇಳಿದು ಜೊತೆಗೇ ನಡೆದಿದ್ದೆನೆಂದು ಮಾವನ ವಾದ. ಯಾರ ನೆನಪು ಸರಿ ಎಂಬುದಕ್ಕೆ ಆಧಾರವಿಲ್ಲ. ಆ ದಿನದ ಫೋಟೋಗಳಲ್ಲೆಲ್ಲ ಎಲ್ಲರೂ ಸುಮ್ಮನೆ ನಿಂತಿದ್ದಾರೆ.

ಇದು ನಾಟಕವೆಂದು ಕೆಲವರು, ಹಟವೆಂದು ಕೆಲವರು ಅಂದುಕೊಂಡಿದ್ದುಂಟು. ನಾಟಕವಲ್ಲ. ನಮ್ಮ ಕಣ್ಣು ಮಿದುಳಿಗೆ ಒಂದು ಸುದ್ದಿ ಕಳಿಸುತ್ತದೆ, ಕಿವಿಯೊಳಗೆ ಅಡಗಿ ಮೈಯ ಸಮತೋಲ ಅಳೆಯುವ ಬಾಗುನಾಳಗಳು ಇನ್ನೊಂದು ಸುದ್ದಿ ಕಳಿಸುತ್ತವೆ. ಎರಡು ಸಾಕ್ಷಿಗಳ ಹೇಳಿಕೆ ತಾಳೆಯಾಗದಿದ್ದಾಗ ಮಿದುಳು ತನ್ನ ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳುತ್ತದೆ. ಹೊಟ್ಟೆಯ ಮೇಲೇ ಯಾಕೆ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ. ಹೆಚ್ಚಿನವರಲ್ಲಿ ಈ ಜಗಳ ಚಿಕ್ಕದು, ಅತ್ತೆಯಲ್ಲಿ ದೊಡ್ಡದು, ಅಷ್ಟೆ.

ಮನೆಯ ಮುಂಭಾಗದ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಅದರ ಪಕ್ಕಕ್ಕೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಹೊಸ ಬಟ್ಟೆ ಅವಳು ಹೊಲಿಯುತ್ತಿರಲಿಲ್ಲ. ಇದ್ದುದನ್ನು ಸರಿಮಾಡಿಕೊಡುವುದು ಅವಳ ಕೆಲಸ: ಸೊಂಟ ಸಡಿಲಿಸುವುದು, ಅಂಚು ಮಡಚಿ ಹೊಲಿಯುವುದು, ಕೆಟ್ಟ ಜಿಪ್ ಕಿತ್ತು ಹೊಸದು ಕೂರಿಸುವುದು, ಗುಂಡಿಗೆ ಕಾಜಾ ಹಾಕುವುದು. ಬೀದಿಯವರಲ್ಲಿ ಯಾರು ದಪ್ಪಗಾದರು, ಯಾರು ಇಳಿದುಹೋದರು ಎಂಬುದು ವೈದ್ಯರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಎದುರಿಗೆ ಇಸ್ತ್ರಿ ಅಂಗಡಿ, ಪಕ್ಕದಲ್ಲಿ ಪಂಕ್ಚರ್ ಅಂಗಡಿ. ಹೀಗಾಗಿ ಅವಳ ಕೋಣೆಗೆ ಬಿಸಿ ಬಟ್ಟೆಯ ವಾಸನೆಯೂ ರಬ್ಬರಿನ ವಾಸನೆಯೂ ಸರದಿಯಂತೆ ಬರುತ್ತಿದ್ದವು.

ಇಂಥವಳಿಗೆ ಸಿಕ್ಕ ಗಂಡ ಕಾಲಿಗೆ ಚಕ್ರ ಕಟ್ಟಿಕೊಂಡವನು. ಮಾವನದು ತೂಕದ ಯಂತ್ರಗಳ ರಿಪೇರಿ. ಅಂಗಡಿಯ ಸಣ್ಣ ತಕ್ಕಡಿಯಿಂದ ಹಿಡಿದು ಲಾರಿಯನ್ನೇ ಮೇಲೆ ನಿಲ್ಲಿಸಿ ತೂಗುವ ವೇಬ್ರಿಡ್ಜಿನವರೆಗೆ ಎಲ್ಲ ಕಡೆಯಿಂದ ಕರೆ ಬರುತ್ತಿತ್ತು. ತಿಂಗಳಲ್ಲಿ ಅರ್ಧ ಅವನು ಯಾವುದಾದರೂ ಲಾಡ್ಜಿನಲ್ಲಿ ಮಲಗಿರುತ್ತಿದ್ದ. ಬಿಚ್ಚಿದ ಭಾಗಗಳನ್ನು ಅದೇ ಕ್ರಮದಲ್ಲಿ ಮತ್ತೆ ಜೋಡಿಸಲು ಅನುಕೂಲವಾಗಲೆಂದು ಒಂದು ಹಳೆಯ ಕ್ಯಾಮೆರಾ ಕೊಂಡಿದ್ದ. ರೋಲಿನಲ್ಲಿ ಉಳಿದ ಜಾಗವನ್ನು ಹಾಳು ಮಾಡಬಾರದೆಂದು ಸೇತುವೆ, ಗೋಪುರ, ಪ್ರತಿಮೆಗಳ ಫೋಟೋ ತೆಗೆದು ಹೆಂಡತಿಗೆ ತಂದು ತೋರಿಸಿದ. ಅವಳು ಒಂದೊಂದನ್ನೂ ನೋಡಿ ಪಕ್ಕಕ್ಕಿಟ್ಟಳು.

“ಇದೆಲ್ಲಾ ಕ್ಯಾಲೆಂಡರಲ್ಲೇ ಸಿಗುತ್ತಲ್ರೀ. ನೀವು ಮಲಗಿದ ಕೋಣೆ ಎಲ್ಲಿ? ಊಟ ಮಾಡಿದ ಹೋಟೆಲಿನ ಬಾಗಿಲು ಯಾವ ಬಣ್ಣ?”

“ಬಾಗಿಲಿನ ಬಣ್ಣ ನೋಡೋಕೆ ನಾನು ಊಟಕ್ಕೆ ಹೋಗಿದ್ನಾ?”

“ಹಾಗಾದ್ರೆ ನೀವು ಆ ಊರಿಗೆ ಹೋಗೇ ಇಲ್ಲ ಬಿಡಿ.”

ಈ ಮಾತು ಮಾವನಿಗೆ ಎಲ್ಲಿ ತಾಗಿತೋ, ಮುಂದಿನ ಪ್ರಯಾಣದಿಂದ ಅವನ ಚಿತ್ರಗಳೇ ಬೇರೆಯಾದವು. ಲಾಡ್ಜಿನ ಮಂಚ, ಅದರ ಮೇಲೆ ಅವನೇ ಮುದುಡಿಸಿದ ಹೊದಿಕೆ, ಕಿಟಕಿಯಾಚೆ ಯಾರದೋ ಹಿತ್ತಿಲಲ್ಲಿ ಒಣಗುತ್ತಿರುವ ಅಂಗಿಗಳು, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿದ್ದೆಹೋದ ಬೆಕ್ಕು, ಮಳೆ ನಿಂತ ಮೇಲೆ ಬಸ್ ನಿಲ್ದಾಣದ ಖಾಲಿ ಬೆಂಚು. ಇಷ್ಟಕ್ಕೂ ಅತ್ತೆ ಸುಮ್ಮನಾಗಲಿಲ್ಲ. ಪ್ರತಿ ಫೋಟೋದ ಅಂಚಿನ ಮೇಲೆ ಬೆರಳಿಟ್ಟು, ಇದರ ಎಡಕ್ಕೆ ಏನಿತ್ತು ಎಂದು ಕೇಳುವಳು. ಮಾವ ತಡವರಿಸುವನು. ಕೊನೆಗೆ ಅವನು ನಿಂತ ಜಾಗದಲ್ಲೇ ಸುತ್ತಲೂ ತಿರುಗಿ ನಾಲ್ಕು ದಿಕ್ಕಿನ ಚಿತ್ರ ತೆಗೆಯುವ ಅಭ್ಯಾಸ ಮಾಡಿಕೊಂಡ. ಅಪರಿಚಿತ ಬೀದಿಗಳಲ್ಲಿ ಜನ ಅವನನ್ನು ಜಾಗ ಅಳೆಯಲು ಬಂದ ಸರ್ಕಾರಿ ನೌಕರನೆಂದು ತಿಳಿದು ಮನೆಯೊಳಗೆ ಕರೆದು ಚಹಾ ಕೊಟ್ಟದ್ದೂ ಉಂಟು.

ಮಧ್ಯಾಹ್ನ, ಬಟ್ಟೆ ಕೊಡುವವರ ಗಲಾಟೆ ತಗ್ಗಿದ ಮೇಲೆ, ಅತ್ತೆ ಕತ್ತರಿಯನ್ನೂ ಸೀಮೆಸುಣ್ಣವನ್ನೂ ಸರಿಸಿ ಚಿತ್ರಗಳನ್ನು ಮೇಜಿನ ಮೇಲೆ ಹರಡುವಳು. ಬಟ್ಟೆಯ ತುಂಡುಗಳನ್ನು ಹೊಂದಿಸುವ ಹಾಗೆಯೇ ಅವುಗಳನ್ನು ಹೊಂದಿಸುವಳು: ಈ ಗೋಡೆಯ ಪಕ್ಕಕ್ಕೆ ಈ ಮೆಟ್ಟಿಲು, ಮೆಟ್ಟಿಲ ಕೆಳಗೆ ಈ ಬೀದಿ. ಆಮೇಲೆ ತೋರುಬೆರಳು ಮತ್ತು ನಡುಬೆರಳನ್ನು ಎರಡು ಕಾಲುಗಳಂತೆ ಇಡುತ್ತ ಆ ಊರಿನಲ್ಲಿ ನಡೆಯುವಳು. ನಡೆಯುತ್ತ ಮಾತಾಡುವಳು. ಈ ಬೆಂಚಿನಿಂದ ಯಾರೋ ಈಗಷ್ಟೇ ಎದ್ದು ಹೋಗಿದ್ದಾರೆ, ಮರ ಇನ್ನೂ ಬೆಚ್ಚಗಿರಬೇಕು. ಈ ಅಂಗಿಯ ತೋಳನ್ನು ಹಿಂದೊಮ್ಮೆ ಚಿಕ್ಕದು ಮಾಡಿ ಮತ್ತೆ ಬಿಚ್ಚಿದ್ದಾರೆ; ತಮ್ಮನಿಗೆಂದು ಕತ್ತರಿಸಿದ್ದು, ಅಷ್ಟರಲ್ಲಿ ತಮ್ಮನೇ ಬೆಳೆದುಬಿಟ್ಟ. ಈ ಕಿಟಕಿಯವರು ಬೆಳಿಗ್ಗೆ ಬೇಗ ಏಳುವವರಲ್ಲ, ಬೆಳಗಿನ ಬಿಸಿಲು ಬಿದ್ದು ಪರದೆ ಒಂದೇ ಕಡೆ ಮಾಸಿದೆ.

ಇವುಗಳಲ್ಲಿ ನಿಜವೆಷ್ಟು ಎಂದು ಪರೀಕ್ಷಿಸುವ ದಾರಿಯಿರಲಿಲ್ಲ. ಒಮ್ಮೆ ಮಾತ್ರ ಸಿಕ್ಕಿತು. ಒಂದು ಊರಿನ ಚಿತ್ರಗಳನ್ನು ನೋಡಿದ ರಾತ್ರಿ ಅವಳಿಗೆ ಕನಸಿನಲ್ಲಿ ಅದೇ ಊರು ಬಂದು, ಬೇಕರಿಯ ತಿರುವಿನಾಚೆ ಒಂದು ನೀಲಿ ನೀರಿನ ಟ್ಯಾಂಕು ಕಂಡಿತಂತೆ. ಮಾವ ಮುಂದಿನ ಸಲ ಬೇಕೆಂದೇ ತಿರುವು ದಾಟಿ ನೋಡಿಬಂದ. ಟ್ಯಾಂಕು ಇರಲಿಲ್ಲ, ಬರೀ ಮೈದಾನ. ಹಾಗೆಂದು ಬಂದು ಹೇಳಿದರೆ ಅತ್ತೆ ಸೂಜಿಗೆ ದಾರ ಪೋಣಿಸುತ್ತ, ಅಲ್ಲೊಂದು ಟ್ಯಾಂಕು ಬೇಕೆಂದು ಆ ಊರಿನವರಿಗೆ ಇನ್ನೂ ಹೊಳೆದಿಲ್ಲ, ಅಷ್ಟೇ ಅಂದಳು.

ಕ್ಯಾಮೆರಾದ ಕಣ್ಣು ಒಂದು ಚಿತ್ರಕ್ಕೆ ತೆರೆದಿರುವುದು ಸೆಕೆಂಡಿನ ಒಂದು ಚೂರು ಮಾತ್ರ. ಇಷ್ಟೂ ವರ್ಷಗಳ ಚಿತ್ರಗಳೊಳಗೆ ಬಂದು ಬಿದ್ದ ಬೆಳಕನ್ನೆಲ್ಲ ಕೂಡಿಸಿದರೂ ಒಂದೆರಡು ನಿಮಿಷದ್ದಾದರೆ ಹೆಚ್ಚು. ಆ ಒಂದೆರಡು ನಿಮಿಷಗಳನ್ನು ಹರಡಿಕೊಂಡು ನನ್ನ ಅತ್ತೆ ದಶಕಗಳ ಕಾಲ ಊರೂರು ಸುತ್ತಿದಳು. ಅದು ಪ್ರಯಾಣವೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ, ಪ್ರಯಾಣವೆಂದರೆ ಏನೆಂದು ಮೊದಲು ತೀರ್ಮಾನಿಸುವುದರ ಮೇಲೆ ನಿಂತಿದೆ. ಅವಳಂತೂ ಅದನ್ನು ಪ್ರಯಾಣವೆಂದೇ ಕರೆಯುತ್ತಿದ್ದಳು.

ಆದರೆ ಅವಳ ಅಕ್ಕನ ಕಣ್ಣು ಕೆಡತೊಡಗಿದಾಗ ಈ ಏರ್ಪಾಡು ಮೊದಲ ಬಾರಿಗೆ ಕೈಕೊಟ್ಟಿತು.

ದೊಡ್ಡಕ್ಕ ಎಂದೇ ನಾವೆಲ್ಲ ಕರೆಯುವ ಆ ಹಿರಿಯಳು ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮದುವೆಯಾಗಿ ಹೋದದ್ದು ಬೆಟ್ಟಗಳ ಆಚೆಗೆ. ಬಸ್ಸಿನಲ್ಲಿ ಅರ್ಧ ದಿನದ ದಾರಿ, ಅದರಲ್ಲಿ ಮುಕ್ಕಾಲು ಭಾಗ ತಿರುವುಗಳೇ. ಅತ್ತೆ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ದೊಡ್ಡಕ್ಕನೇ ಆಗಾಗ ಬಂದು, ಹೊಲಿಗೆ ಮೇಜಿನ ಪಕ್ಕ ಕುಳಿತು, ತಂಗಿಯನ್ನು ಬಯ್ದು ಹೋಗುತ್ತಿದ್ದಳು. ಈಗ ಅವಳ ಎರಡೂ ಕಣ್ಣುಗಳಲ್ಲಿ ನೋಟದ ನಡುಭಾಗಕ್ಕೆ ಬೂದು ಬಣ್ಣದ ಮಚ್ಚೆ ಕೂತಿತ್ತು. ಬೇಸಿಗೆ ಕಳೆಯುವಷ್ಟರಲ್ಲಿ ಉಳಿದಿರುವುದೂ ಬಹುಪಾಲು ಹೋಗಬಹುದೆಂದು ಕಣ್ಣಿನ ವೈದ್ಯರು ಹೇಳಿದ್ದರು. ಕಾರು ಕಳಿಸುತ್ತೇನೆ, ಇಲ್ಲಿಗೇ ಬನ್ನಿ ಎಂದು ಮಾವ ಫೋನಿನಲ್ಲಿ ಕೇಳಿಕೊಂಡರೆ ದೊಡ್ಡಕ್ಕ ಒಪ್ಪಲಿಲ್ಲ. ತನ್ನ ಮನೆಯಲ್ಲಿ ಗೋಡೆ ಎಲ್ಲಿದೆಯೆಂದು ಗೊತ್ತು, ಬೇರೆ ಕಡೆ ಬಂದು ಹಣೆ ಒಡೆದುಕೊಳ್ಳಲಾರೆ ಅಂದಳು. ಮಾವ ಅತ್ತೆಯ ಫೋಟೋವನ್ನು ದೊಡ್ಡದು ಮಾಡಿಸಿ ಕಳಿಸಿದ. ಅದಕ್ಕೆ ಫೋನಿನಲ್ಲಿ ಬಂದ ಉತ್ತರ ಚಿಕ್ಕದು.

“ಕಾಗದ ಬಂತು. ಬೆಳ್ಳಗಿದೆ. ನಿನ್ನ ಮುಖ ಒಂದು ಸಲ ನೋಡಬೇಕು ಕಣೇ. ಆಮೇಲೆ ಕಣ್ಣು ಹೋದ್ರೆ ಹೋಗಲಿ.”

ಅತ್ತೆ ಆ ದಿನ ಒಂದೇ ಪ್ಯಾಂಟಿನ ಅಂಚನ್ನು ಮೂರು ಸಲ ಬಿಚ್ಚಿ ಹೊಲಿದಳು. ಸಂಜೆ ಮಾವನೊಡನೆ ತನ್ನದೊಂದು ಯೋಜನೆ ಹೇಳಿದಳು. ಬಸ್ಸಿನಲ್ಲಿ ಎಲ್ಲರಿಗೂ ತಲೆ ತಿರುಗಬಹುದು, ಡ್ರೈವರಿಗೆ ಮಾತ್ರ ಯಾಕೆ ತಿರುಗುವುದಿಲ್ಲ? ಮುಂದಿನ ತಿರುವು ಯಾವ ಕಡೆಗೆಂದು ಅವನಿಗೆ ಮೊದಲೇ ಗೊತ್ತು. ಹಾಗಾದರೆ ತನಗೂ ಮೊದಲೇ ಗೊತ್ತಿದ್ದರೆ? ಮಾವ ಡ್ರೈವರನ ಪಕ್ಕದ ಸೀಟಿನಲ್ಲಿ ಕುಳಿತು ಒಂದೊಂದು ತಿರುವಿನ ಚಿತ್ರ ತರಬೇಕು. ಅವಳು ಆ ದಾರಿಯನ್ನು ಮೇಜಿನ ಮೇಲೆ ಹರಡಿ, ಬೆರಳಿನಲ್ಲಿ ನಡೆದು, ಬಾಯಿಪಾಠ ಮಾಡಿ, ಆಮೇಲೆ ಬಸ್ಸು ಹತ್ತುವಳು.

ನನ್ನ ಅಭಿಪ್ರಾಯ ಕೇಳಿದರು. ತಿರುವನ್ನು ಮುಂಗಾಣುವವರಿಗೆ ತೊಂದರೆ ಕಡಿಮೆ ಎಂಬುದು ನಿಜ, ಆದರೆ ಚಿತ್ರ ನೋಡಿ ಕಲಿತ ದಾರಿ ಕಿವಿಯೊಳಗಿನ ನಾಳಕ್ಕೂ ತಿಳಿಯುತ್ತದೆಂದು ಯಾರೂ ತೋರಿಸಿಕೊಟ್ಟಿಲ್ಲ ಎಂದೆ. ಬೇರೆ ಉಪಾಯವಿದ್ದರೆ ಹೇಳು ಎಂದಳು ಅತ್ತೆ. ಮಾತ್ರೆಗಳು ಅವಳಿಗೆ ಹಿಂದೆಯೇ ಸೋತಿದ್ದವು.

ಮಾವ ಹೋಗಿಬಂದ. ಈಗ ಅವನದು ಕಾರ್ಡು ಹಾಕುವ ಕ್ಯಾಮೆರಾ. ನೂರಾರು ಚಿತ್ರಗಳು ಅದರಲ್ಲಿ ಹಿಡಿದಿದ್ದವು. ಆದರೆ ದಾರಿಯ ಕುಲುಕಾಟಕ್ಕೆ ಅದರ ಗುಂಡಿ ಒಳಗೇ ಸಿಕ್ಕಿಕೊಂಡಿತ್ತು. ಮರುದಿನವೇ ದೂರದ ವೇಬ್ರಿಡ್ಜೊಂದರ ಕೆಲಸವಿದ್ದುದರಿಂದ ಕ್ಯಾಮೆರಾವನ್ನು ಕಾರ್ಡಿನ ಸಮೇತ ಸ್ಟುಡಿಯೋದವನಿಗೆ ಒಪ್ಪಿಸಿ ಹೊರಟುಬಿಟ್ಟ. ಎರಡು ದಿನದ ಮೇಲೆ, ಅವನು ವೇಬ್ರಿಡ್ಜಿನ ಕೆಳಗಿನ ಗುಂಡಿಯಲ್ಲಿ ಮೈಯೆಲ್ಲ ಗ್ರೀಸು ಮಾಡಿಕೊಂಡು ಕೂತಿದ್ದಾಗ, ತಲೆಯ ಮೇಲೆ ಲಾರಿಯೊಂದು ಗುರುಗುಟ್ಟುತ್ತಿದ್ದಾಗ, ಸ್ಟುಡಿಯೋದವನ ಫೋನು ಬಂತು. ಕ್ಯಾಮೆರಾದ ಗುಂಡಿ ಸರಿಯಾಯಿತು, ಕಾರ್ಡಿನಲ್ಲಿ ಬರೀ ರಸ್ತೆ ತುಂಬಿದೆ, ಏನು ಮಾಡಲಿ ಎಂದು ಅವನು ಕೇಳಿದ. ಎಲ್ಲಾ ತೆಗೆದುಬಿಡಿ, ಒಂದೂ ಬಿಡಬೇಡಿ ಎಂದು ಮಾವ ಕೂಗಿ ಹೇಳಿ ಫೋನಿಟ್ಟ.

ಊರಿಗೆ ಮರಳಿ ಸ್ಟುಡಿಯೋಗೆ ಹೋದಾಗ ಮೇಜಿನ ಮೇಲೆ ಕ್ಯಾಮೆರಾ ಮಾತ್ರ ಇತ್ತು. ಆ ಸಂಭಾಷಣೆಯನ್ನು ಮಾವ ನನಗೆ ಎಷ್ಟು ಸಲ ಹೇಳಿದ್ದಾನೆಂದರೆ ಅದು ಈಗ ನನ್ನದೇ ನೆನಪೇನೋ ಅನ್ನಿಸುತ್ತದೆ.

“ನೀವೇ ಹೇಳಿದ್ರಲ್ಲ ಸಾರ್, ಎಲ್ಲಾ ತೆಗೆದುಬಿಡಿ ಅಂತ.”

“ತೆಗೆದುಬಿಡಿ ಅಂದ್ರೆ ತೆಗೆದುಕೊಡಿ ಅಂತ ಕಣ್ರೀ. ಕಾಪಿ.”

“ತೆಗೆದುಕೊಡಿ ಅಂದಿದ್ರೆ ತೆಗೆದುಕೊಡ್ತಿದ್ದೆ. ತೆಗೆದಿಡಿ ಅಂದಿದ್ರೆ ತೆಗೆದಿಡ್ತಿದ್ದೆ. ನೀವು ತೆಗೆದುಬಿಡಿ ಅಂದ್ರಿ, ತೆಗೆದುಬಿಟ್ಟೆ. ಒಂದೂ ಬಿಡಬೇಡಿ ಅಂತ ಬೇರೆ ಹೇಳಿದ್ರಿ.”

“ಅಲ್ರೀ, ಅಷ್ಟೊಂದು ಚಿತ್ರ ಯಾರಾದ್ರೂ ಅಳಿಸಿ ಅಂತಾರಾ?”

“ಒಂದರಲ್ಲೂ ಜನ ಇರಲಿಲ್ಲ ಸಾರ್. ಗುಂಡಿ ಸಿಕ್ಕೊಂಡು ಅದರಷ್ಟಕ್ಕೆ ಹೊಡ್ಕೊಂಡಿದೆ ಅಂದ್ಕೊಂಡೆ.”

ರೋಲಿನ ಕಾಲದವನಾದ ಮಾವನ ಬಾಯಲ್ಲಿ ತೆಗೆಯುವುದೆಂದರೆ ಮೊದಲು ಚಿತ್ರ ಹಿಡಿಯುವುದು, ಆಮೇಲೆ ಪ್ರತಿ ಮಾಡಿಸುವುದು. ಫೋನು, ಕಂಪ್ಯೂಟರುಗಳ ನಡುವೆ ಕೆಲಸ ಕಲಿತ ಸ್ಟುಡಿಯೋದವನಿಗೆ ತೆಗೆಯುವುದೆಂದರೆ ಅಳಿಸುವುದೂ ಹೌದು. ಬಾಗಿಲನ್ನೂ ತೆಗೆಯುತ್ತೇವೆ, ಕಲೆಯನ್ನೂ ತೆಗೆಯುತ್ತೇವೆ, ಫೋಟೋವನ್ನೂ ತೆಗೆಯುತ್ತೇವೆ. ಪದದ ಬಾಲಕ್ಕೆ ಬಂದು ಸೇರುವ ಒಂದು ‘ಇಡು’, ಒಂದು ‘ಕೊಡು’, ಒಂದು ‘ಬಿಡು’ವಿನ ಮೇಲೆ ವಸ್ತು ಉಳಿಯುತ್ತದೋ ಹೋಗುತ್ತದೋ ತೀರ್ಮಾನವಾಗುತ್ತದೆ. ತಲೆಯ ಮೇಲೆ ಲಾರಿ ಗುರುಗುಟ್ಟುವಾಗ ಬಾಲದ ಬಗ್ಗೆ ಯಾರು ಯೋಚಿಸುತ್ತಾರೆ?

ಅಳಿಸಿದ ಚಿತ್ರ ಕಾರ್ಡಿನಿಂದ ಕೂಡಲೇ ಮಾಯವಾಗುವುದಿಲ್ಲ. ಅದರ ಮೇಲೆ ಇನ್ನೊಂದು ಬಂದು ಕೂತಾಗ ಮಾತ್ರ ನಿಜವಾಗಿ ಹೋಗುತ್ತದೆ. ಈ ಧೈರ್ಯದ ಮೇಲೆ ನಾನು ಕಾರ್ಡನ್ನು ಮನೆಗೆ ತಂದು, ಕಳೆದದ್ದನ್ನು ಹೆಕ್ಕುವ ಪ್ರೋಗ್ರಾಮೊಂದನ್ನು ಓಡಿಸಿದೆ. ಆದರೆ ಅಷ್ಟರಲ್ಲಿ ಸ್ಟುಡಿಯೋದವನು ಅದೇ ಖಾಲಿ ಕಾರ್ಡನ್ನು ಹಾಕಿಕೊಂಡು ಶಾಲೆಯೊಂದರ ತರಗತಿವಾರು ಚಿತ್ರಗಳನ್ನು ಹಿಡಿದು ಬಂದಿದ್ದ. ಸಿಕ್ಕಿದ್ದು ಕೆಲವೇ ಚೂರುಗಳು. ಒಂದರಲ್ಲಿ ಮೇಲುಭಾಗಕ್ಕೆ ಮಂಜು ಮುಸುಕಿದ ಬೆಟ್ಟದ ತಿರುವು, ಕೆಳಭಾಗಕ್ಕೆ ಸಾಲಾಗಿ ಜೋಡಿಸಿಟ್ಟ ಹಾಗೆ ಮಕ್ಕಳ ಕರಿ ಬೂಟುಗಳು. ರಸ್ತೆ ನೇರವಾಗಿ ಆ ಬೂಟುಗಳೊಳಗೆ ಇಳಿದುಹೋಗುತ್ತಿತ್ತು. ಅತ್ತೆ ಅದನ್ನು ಬಹಳ ಹೊತ್ತು ನೋಡಿ, ಈ ದಾರಿಯಲ್ಲಿ ಹೋದರೆ ಒಂದನೇ ತರಗತಿಗೆ ಹೋಗಿ ಸೇರುತ್ತೇನೆ ಅಂದಳು. ನಕ್ಕಳು. ಆದರೆ ಬೆರಳುಗಳನ್ನು ಮೇಜಿನ ಮೇಲೆ ಇಡಲಿಲ್ಲ.

ಮತ್ತೆ ಹೋಗಿ ಎಲ್ಲವನ್ನೂ ಹಿಡಿದು ತರಲು ಮಾವ ಸಿದ್ಧನಿದ್ದ. ಅಷ್ಟರಲ್ಲಿ ದೊಡ್ಡಕ್ಕನ ಮನೆಯಿಂದ ಸುದ್ದಿ ಬಂತು: ಬಲಗಣ್ಣಿನಲ್ಲಿ ಈಗ ಬೆಳಕು ಮತ್ತು ಕತ್ತಲು ಮಾತ್ರ, ಎಡಗಣ್ಣಿನಲ್ಲಿ ನೋಟದ ಅಂಚು ಮಾತ್ರ ಉಳಿದಿದೆ. ಹಾಗಾದರೆ ಬಾಯಲ್ಲಾದರೂ ದಾರಿ ಹೇಳಿ ಎಂದು ಅತ್ತೆ ಗಂಡನನ್ನು ಎದುರಿಗೆ ಕೂರಿಸಿಕೊಂಡಳು. ಮಾವ ಮೊದಲ ಎಡ ತಿರುವು ಹೇಳಿದ, ಒಂದು ಸೇತುವೆ ಹೇಳಿದ, ಆಮೇಲೆ ನಿಂತುಹೋದ. ನೂರಾರು ತಿರುವುಗಳನ್ನು ಹಿಡಿದವನಿಗೆ ಒಂದೂ ನೆನಪಿರಲಿಲ್ಲ. ಚಿತ್ರ ತೆಗೆದದ್ದನ್ನು ಜನ ಕಡಿಮೆ ನೆನಪಿಡುತ್ತಾರೆಂದು ತೋರಿಸುವ ಕೆಲವು ಪ್ರಯೋಗಗಳಿವೆ, ಹಾಗೇನಿಲ್ಲವೆನ್ನುವವೂ ಇವೆ. ಮಾವ ಮೊದಲನೆಯ ಗುಂಪಿಗೆ ಸೇರಿದವನು.

“ಕಣ್ಣು ಕ್ಯಾಮೆರಾದಲ್ಲಿತ್ತು ಕಣೇ,” ಅಂದ. ತಲೆ ತಗ್ಗಿಸಿದ್ದ.

ಅತ್ತೆ ಯಂತ್ರದ ಮೇಲೆ ಮುಸುಕು ಎಳೆದಳು. “ನಾಳೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ?”

ಅವರಿಬ್ಬರೂ ಹೊರಟ ಆ ಪ್ರಯಾಣದ ವಿವರ ನನಗೆ ಎರಡು ಬಾಯಿಂದ ಬಂದದ್ದು, ಎರಡೂ ಹೊಂದುವುದಿಲ್ಲ. ಇಬ್ಬರೂ ಒಪ್ಪುವುದು ಇಷ್ಟು. ಅತ್ತೆ ಡ್ರೈವರನ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ಹಿಡಿದು ಕುಳಿತಳು. ಬಯಲು ದಾಟುವಷ್ಟರಲ್ಲೇ ಒಂದು ಚೀಲ ಖರ್ಚಾಯಿತು. ಬೆಟ್ಟದ ಬುಡದಲ್ಲಿ ಬಸ್ಸು ನಿಂತಾಗ ಡ್ರೈವರು ಅವಳ ಮುಖ ನೋಡಿ, ಇಳಿದುಬಿಡಿ, ಮೇಲೆ ಇನ್ನೂ ಕಷ್ಟವಿದೆ ಅಂದ. ಅತ್ತೆ ತಾನು ಯಾಕೆ ಹೋಗುತ್ತಿದ್ದೇನೆಂದೂ, ಚಿತ್ರಗಳು ಹೇಗೆ ಹೋದವೆಂದೂ ಹೇಳಿದಳು. ಡ್ರೈವರು ಸ್ವಲ್ಪ ಹೊತ್ತು ಸ್ಟೀರಿಂಗಿನ ಮೇಲೆ ತಾಳ ಹಾಕಿದ.

“ಚಿತ್ರ ಯಾಕಮ್ಮಾ, ನಾನಿಲ್ವಾ? ಹೇಳ್ತಾ ಹೋಗ್ತೀನಿ. ಕಣ್ಣು ದೂರಕ್ಕೆ ಇಡಿ. ಈಗ ಬಲಕ್ಕೆ, ದೊಡ್ಡದು. ನಮ್ಮತ್ತೆ ಮನೆಗೆ ಬಂದ ಹಾಗೆ, ಬೇಗ ಮುಗಿಯಲ್ಲ.”

ಹೀಗೆ ಅವನು ಹೇಳುತ್ತ ಹೋದ, ಅವಳು ಮೈಯನ್ನು ಮೊದಲೇ ಆ ಕಡೆಗೆ ವಾಲಿಸುತ್ತ ಹೋದಳು. ಅವನ ಗಂಟಲು ಒಣಗಿದಾಗ ಹಿಂದಿನ ಸೀಟಿನಲ್ಲಿದ್ದ, ಆ ದಾರಿಯಲ್ಲೇ ದಿನಾ ಓಡಾಡುವ ಹಾಲಿನವನು ಮುಂದುವರಿಸಿದ. ಅವನು ಒಮ್ಮೆ ಎಡವನ್ನು ಬಲವೆಂದು ತಪ್ಪಿ ಹೇಳಿದ್ದಕ್ಕೆ ಬಸ್ಸಿನವರೆಲ್ಲ ಸೇರಿ ಅವನನ್ನು ತಿದ್ದಿದರು. ಕೊನೆಕೊನೆಗೆ ಮಂಜಿನೊಳಗೆ ರಸ್ತೆ ಕಾಣದೇ ಹೋಗಿ, ಬಸ್ಸು ಎಲ್ಲಿಯೂ ಹೋಗದೆ ತೇಲುತ್ತಿರುವಂತೆ, ಬರೀ ದನಿಗಳು ಮಾತ್ರ ಎಡಕ್ಕೆ, ಬಲಕ್ಕೆ ಎನ್ನುತ್ತ ಮೇಲೇರುತ್ತಿರುವಂತೆ ಇತ್ತೆಂದು ಅತ್ತೆ ಹೇಳುತ್ತಾಳೆ. ತಾನು ಬೆಟ್ಟದ ಮೇಲೆ ವಾಂತಿಯನ್ನೇ ಮಾಡಲಿಲ್ಲವೆಂದೂ ಹೇಳುತ್ತಾಳೆ. ಚೀಲ ಬದಲಿಸಿಕೊಟ್ಟವನು ನಾನು ಎಂದು ಮಾವ ನಗುತ್ತಾನೆ. ಅವಳ ಸಿದ್ಧಾಂತ ಅರ್ಧ ಗೆದ್ದಿತೆಂದು ಇಟ್ಟುಕೊಳ್ಳಬಹುದು.

ತಲುಪಿದಾಗ ಸಂಜೆಯಾಗಿತ್ತು. ದೊಡ್ಡಕ್ಕ ಬಾಗಿಲಲ್ಲಿ ನಿಂತು ತಂಗಿಯ ತೋಳನ್ನು ಮೇಲಿಂದ ಕೆಳಗೆ ಸವರಿ, ಇಳಿದುಹೋಗಿದ್ದೀಯ ಅಂದಳು. ದೀಪದಲ್ಲಿ ತನಗೇನೂ ಕಾಣಿಸದು, ಬೆಳಿಗ್ಗೆ ನೋಡುತ್ತೇನೆ ಅಂದಳು. ತಂಗಿ ಆ ಮನೆಯಲ್ಲಿ ಮೊದಲ ಬಾರಿಗೆ ಮಲಗಿದಳು. ಮಂಚ ತಿರುಗುತ್ತಲೇ ಇತ್ತಂತೆ.

ಬೆಳಿಗ್ಗೆ ಮೂಡಣ ಕಿಟಕಿಯ ಪರದೆ ಸರಿಸಿ, ಬಿಸಿಲು ಬೀಳುವ ಜಾಗಕ್ಕೆ ಕುರ್ಚಿ ಹಾಕಿ, ದೊಡ್ಡಕ್ಕ ತಂಗಿಯನ್ನು ಕೂರಿಸಿದಳು. ತಾನು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಸ್ಟೂಲು ಎಳೆದುಕೊಂಡು ಕುಳಿತಳು. ಕುಳಿತವಳು ಒಮ್ಮೆ ನೇರವಾಗಿ ನೋಡಿ, ಥಟ್ಟನೆ ಗೋಡೆಯ ಕಡೆಗೆ ಮುಖ ತಿರುಗಿಸಿಬಿಟ್ಟಳು.

ಅತ್ತೆ, ಇಷ್ಟು ವರ್ಷ ಬಾರದೆ ಇದ್ದುದರ ಸಿಟ್ಟು ಕೊನೆಗೂ ಹೊರಬಂತೆಂದುಕೊಂಡಳು.

“ಅಕ್ಕಾ, ಮುಖ ತಿರುಗಿಸಬೇಡ ಅಕ್ಕಾ. ನನಗೆ ಬರೋಕೆ ಆಗಲಿಲ್ಲ, ಬೇಕಂತ ಅಲ್ಲ.”

“ಬಾಯಿ ಮುಚ್ಕೊಂಡು ಕೂತ್ಕೋ,” ಅಂದಳು ದೊಡ್ಡಕ್ಕ ಗೋಡೆಯ ಕಡೆಗೇ ನೋಡುತ್ತ. “ನೇರ ನೋಡಿದ್ರೆ ನಿನ್ನ ಮುಖ ಇರೋ ಜಾಗದಲ್ಲಿ ಏನೂ ಇಲ್ಲ. ಹೀಗೆ ತಿರುಗಿದ್ರೆ ಅಂಚಿಗೆ ಬರ್ತೀಯ.”

ನಾವು ಮುಖಗಳನ್ನು ಓದುವುದು ಕಣ್ಣಿನ ಹಿಂಬದಿಯ ಪರದೆಯ ನಡುವಿನ ಸಣ್ಣ ಚುಕ್ಕೆಯಿಂದ. ಆ ಚುಕ್ಕೆ ಸತ್ತ ಮೇಲೂ ಸುತ್ತಲಿನ ಭಾಗ ಮಸುಕಾಗಿ ಕೆಲಸ ಮಾಡುತ್ತಿರುತ್ತದೆ. ದೊಡ್ಡಕ್ಕನಿಗೆ ಇದನ್ನು ಯಾರೂ ಕಲಿಸಿರಲಿಲ್ಲ, ತಾನಾಗಿಯೇ ಕಂಡುಕೊಂಡಿದ್ದಳು. ಯಾರನ್ನಾದರೂ ನೋಡಬೇಕೆಂದರೆ ಅವರಿಂದ ಮುಖ ತಿರುಗಿಸಬೇಕು.

ಮಾವ ಬಾಗಿಲಲ್ಲಿ ನಿಂತು ಆಗ ತೆಗೆದ ಚಿತ್ರವೊಂದಿದೆ. ಒಬ್ಬಳು ಗೋಡೆ ನೋಡುತ್ತಿದ್ದಾಳೆ, ಇನ್ನೊಬ್ಬಳು ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ನೋಡಿದವರೆಲ್ಲ ಅಕ್ಕತಂಗಿಯರಿಗೆ ಏನು ಜಗಳವಾಗಿತ್ತೆಂದು ಕೇಳುತ್ತಾರೆ. ಅತ್ತೆ ವಿವರಿಸಲು ಹೋಗುವುದಿಲ್ಲ.

“ಕಿವಿ ಹತ್ತಿರ ಬೆಳ್ಳಗಾಗಿದೆ,” ಎಂದಳು ದೊಡ್ಡಕ್ಕ ಗೋಡೆಗೆ. “ಕನ್ನಡಕ ಬದಲಾಯಿಸಿದ್ದೀಯ. ಇದು ನಿನಗೆ ಒಪ್ಪಲ್ಲ. ಅಳಬೇಡ, ಮುಖ ಅಲ್ಲಾಡಿದ್ರೆ ಕೈತಪ್ಪಿ ಹೋಗುತ್ತೆ.”

ಅತ್ತೆ ಅಲುಗಾಡದೆ ಕುಳಿತಳು. ಬಿಸಿಲು ಕುರ್ಚಿಯಿಂದ ಸರಿದಾಗ ಕುರ್ಚಿಯನ್ನೂ ಅದರ ಹಿಂದೆ ಸರಿಸಿಕೊಂಡಳು. ಅಕ್ಕ ಸ್ಟೂಲನ್ನು ಎಳೆದುಕೊಂಡು ಮತ್ತೆ ಮುಖ ತಿರುಗಿಸಿದಳು.